14 ಅಂಶದ ಕರಪತ್ರ ಯಾರು ಓದ್ತಾರೆ? ಚುನಾವಣೆಗೆ ಮುಂಚೆ ಪಕ್ಷ ಏನು ಹೇಳಬೇಕು, ಹೇಗೆ ಹೇಳಬೇಕು?

ಹಿನ್ನೀರು_ಹುಡುಗ (ನಿಡಗುಂದಿ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಪಕ್ಷದ ತಾಲ್ಲೂಕು ಘಟಕದಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ಯಾವ ಪಕ್ಷ ಅಂತ ಹೇಳಲ್ಲ. ಹೇಳಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಾ ಬಂದದ್ದು ನಿಮಗೆ ಗೊತ್ತು. ಅದು ಬಂದಾಗ ಬರಲಿ, 2028ರ ವಿಧಾನಸಭೆಗಂತೂ ಈಗಿನಿಂದಲೇ ತಯಾರಿ ಬೇಕು ಎಂದು ನಮ್ಮ ಮುಖಂಡರು ಹೇಳಿದ್ದಾರೆ. ಕರಪತ್ರದ ಕರಡು ನನ್ನ ಕೈಗೆ ಬಂದಿದೆ. ಅದರಲ್ಲಿ 14 ಅಂಶ. ಸಮಗ್ರ ನೀರಾವರಿ, ಯುವಕರಿಗೆ ಉದ್ಯೋಗ, ಮಹಿಳಾ ಸಬಲೀಕರಣ, ಭ್ರಷ್ಟಾಚಾರಮುಕ್ತ ಆಡಳಿತ, ಸರ್ವಾಂಗೀಣ ಅಭಿವೃದ್ಧಿ, ಹೀಗೇ ಸಾಗುತ್ತದೆ. ಇದರ ಮೇಲೆ ಎದುರು ಪಕ್ಷದ ಚಿಹ್ನೆ ಹಾಕಿದರೂ ಒಂದಕ್ಷರ ಬದಲಾಯಿಸಬೇಕಿಲ್ಲ. ನನ್ನ ತಲೆನೋವು ಇದೇ.

ಒಂದು ಅಂಶ ತೆಗೆಯೋಣ ಅಂದರೆ ಯಾರೂ ಒಪ್ಪುತ್ತಿಲ್ಲ. ಪ್ರತಿ ಅಂಶದ ಹಿಂದೆ ಒಬ್ಬ ಮುಖಂಡರು ನಿಂತಿದ್ದಾರೆ. ಇದನ್ನು ಹೇಗೆ ಇಳಿಸುವುದು? ಯಾವುದನ್ನು ಉಳಿಸುವುದು? ಚುನಾವಣೆ ಮಾಡಿ ಗೊತ್ತಿದ್ದವರು, ಸುಮ್ನೆ ಮತ ಹಾಕುವವರು, ಯಾರು ಬೇಕಾದರೂ ಹೇಳಿ.

ಬನಹಟ್ಟಿ_ಮಗ್ಗ

ಮೊದಲು ‘ಸರ್ವಾಂಗೀಣ ಅಭಿವೃದ್ಧಿ’ ಹೊಡೆದು ಹಾಕಿರಿ. ಉಳಿದದ್ದು ಆಮೇಲೆ ನೋಡೋಣ.

ಚಹಾದಂಗಡಿ_ಕಾಕಾ (ವಿಜಯಪುರ)

ತಮ್ಮಾ, ನಾನು ಬೂತ್ ಮಟ್ಟದಲ್ಲಿ ಓಡಾಡಿದವನು. ಬೇರೆ ಬೇರೆ ಪಕ್ಷಗಳಿಗೆ ಓಡಾಡಿದ್ದೇನೆ, ನಗಬೇಡಿ.

ಕರಪತ್ರ ಮನೆಗೆ ಹೋದರೆ ಏನಾಗುತ್ತದೆ? ಫೋಟೊ ನೋಡುತ್ತಾರೆ, ಚಿಹ್ನೆ ನೋಡುತ್ತಾರೆ, ಮಡಚಿ ಕಿಟಕಿಗೆ ಸಿಕ್ಕಿಸುತ್ತಾರೆ. ಮಾತು ನಿಲ್ಲುವುದೋ ಬೀಳುವುದೋ ಗೊತ್ತಾಗುವುದು ಊರ ಕಟ್ಟೆಯ ಮೇಲೆ. ನಿಮ್ಮ ಕಾರ್ಯಕರ್ತ ಅಲ್ಲಿ ಕೂತು ಏನೋ ಹೇಳುತ್ತಾನೆ. ಯಾರೋ ಒಬ್ಬ ಹಿರಿಯ ಎದುರು ಪ್ರಶ್ನೆ ಹಾಕುತ್ತಾನೆ. ಹುಡುಗ ತಡವರಿಸಿದರೆ ಸುತ್ತ ಕೂತವರೆಲ್ಲ ನೋಡುತ್ತಾರೆ. ಆ ಊರಲ್ಲಿ ಆ ವಿಷಯ ಅಲ್ಲಿಗೆ ಸತ್ತಿತು ಅಂತ ತಿಳಿ.

ಎದುರು ಪ್ರಶ್ನೆಗಳು ಹೆಚ್ಚು ಕಡಿಮೆ ಮೂರೇ ಇರುತ್ತವೆ. ‘ಯಾವಾಗ ಮಾಡ್ತೀರಿ?’ ‘ರೊಕ್ಕ ಎಲ್ಲಿಂದ ತರ್ತೀರಿ?’ ‘ಆಗ್ಲಿಲ್ಲಂದ್ರ ಯಾರನ್ನ ಹಿಡೀಬೇಕು?’ 14 ಅಂಶಗಳನ್ನೂ ಒಂದೊಂದಾಗಿ ಈ ಮೂರು ಪ್ರಶ್ನೆ ಮುಂದೆ ನಿಲ್ಲಿಸು. ಮುಖಂಡರ ಜೊತೆ ಜಗಳ ಬೇಡ. ‘ಸಾಹೇಬ್ರ, ಈ ಮೂರಕ್ಕೆ ಉತ್ತರ ಬರೆದು ಕೊಡ್ರಿ, ಹುಡುಗರಿಗೆ ಕಲಿಸ್ತೀನಿ’ ಅನ್ನು. ಉತ್ತರ ಇಲ್ಲದ ಅಂಶವನ್ನು ಅವರೇ ಮೆಲ್ಲಗೆ ಬಿಟ್ಟುಕೊಡುತ್ತಾರೆ.

ಗುಮ್ಮಟದ_ದನಿ (ವಿಜಯಪುರ)

ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಯಾವ ಮಾತು ಎಷ್ಟು ಮುಖ್ಯವೋ, ಯಾವಾಗ ಶುರು ಮಾಡಿದಿರಿ ಎಂಬುದೂ ಅಷ್ಟೇ ಮುಖ್ಯ. 2023ನ್ನೇ ನೋಡಿ. ಯಾರನ್ನೂ ಹೊಗಳಲು ಹೇಳುತ್ತಿಲ್ಲ.

ಮತದಾನ ಮೇ 10ಕ್ಕೆ ಇತ್ತು. 200 ಯೂನಿಟ್ ವಿದ್ಯುತ್ ಉಚಿತ ಎಂದು ಕಾಂಗ್ರೆಸ್ ಮೊದಲು ಹೇಳಿದ್ದು ಜನವರಿ 11ರಂದು, ನಮ್ಮ ಬೆಳಗಾವಿಯಲ್ಲೇ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಎಂದದ್ದೂ ಅದೇ ತಿಂಗಳು. 10 ಕೆ.ಜಿ. ಅಕ್ಕಿಯ ಮಾತು ಫೆಬ್ರವರಿಯಲ್ಲಿ ಬಂತು. ನಿರುದ್ಯೋಗಿ ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500 ಎಂದದ್ದು ಮಾರ್ಚ್ 20ಕ್ಕೆ, ಮತ್ತೆ ಬೆಳಗಾವಿಯಲ್ಲಿ. ಅಂದರೆ ಒಂದನ್ನು ಹೇಳಿ, ಅದು ಊರೂರಿಗೆ ಮುಟ್ಟಲು ಸಮಯ ಕೊಟ್ಟು, ಆಮೇಲೆ ಇನ್ನೊಂದು. ಕೊನೆಗೆ ನಾಯಕರು ಸಹಿ ಹಾಕಿದ ಗ್ಯಾರಂಟಿ ಕಾರ್ಡ್ ಮನೆ ಮನೆಗೆ ಹೋಯಿತು.

ಬಿಜೆಪಿ ಪ್ರಣಾಳಿಕೆ ಹೊರಬಂದದ್ದು ಮೇ 1ಕ್ಕೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಮೂರು ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು. ಅದೇನು ಸಣ್ಣ ಮಾತಲ್ಲ. ಆದರೆ ಉಳಿದಿದ್ದು ಒಂಬತ್ತು ದಿನ. ನಮ್ಮ ಓಣಿಯಲ್ಲಿ ಹಾಲಿನ ವಿಷಯ ಫಲಿತಾಂಶ ಬಂದ ಮೇಲೆ ಗೊತ್ತಾದವರೂ ಇದ್ದಾರೆ. ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66 ಸೀಟು ಎಂಬ ಅಂತರಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. 40 ಪರ್ಸೆಂಟ್ ಕಮಿಷನ್ ಆರೋಪ ಇತ್ತು, ಟಿಕೆಟ್ ಗಲಾಟೆ ಇತ್ತು. ಆದರೆ ಪ್ರಚಾರದ ಪಾಠ ಅಂತ ನೋಡಿದರೆ, ಒಂದು ಮಾತು ತಲೆಗೆ ಹತ್ತಲು ತಿಂಗಳುಗಳು ಬೇಕು.

ಖರೇ_ಮಾತು (ಜಮಖಂಡಿ)

ಇದೆಲ್ಲ ಪುಸ್ತಕದ ಬದನೆಕಾಯಿ. 2023 ಹೇಳಿದಿರಿ, 2024 ಯಾಕೆ ಬಿಟ್ಟಿರಿ? ಲೋಕಸಭೆ ಚುನಾವಣೆ ಬಂದಾಗ ಗೃಹಲಕ್ಷ್ಮಿ ದುಡ್ಡು ಖಾತೆಗೆ ಬರುತ್ತಿತ್ತು, ಬಸ್ ಉಚಿತ ಇತ್ತು, ಕರೆಂಟ್ ಬಿಲ್ ಸೊನ್ನೆ ಆಗಿತ್ತು. ಭರವಸೆ ಕಾರ್ಡಿನಿಂದ ಕೈಗೆ ಬಂದಿತ್ತು. ಆದರೂ 28ರಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು 9. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಬಿಜೆಪಿಗೆ ಹೋದವು. ನಮ್ಮ ಮೂರು ಜಿಲ್ಲೆಗಳಲ್ಲಿ ಚಿಕ್ಕೋಡಿ ಒಂದೇ ಕಾಂಗ್ರೆಸ್‌ಗೆ.

ಜಾತಿ ಲೆಕ್ಕ, ಕೊನೇ ರಾತ್ರಿಯ ದುಡ್ಡು, ಮೇಲಿನ ಗಾಳಿ. ಈ ಮೂರರ ಮುಂದೆ ನಿಮ್ಮ ಕರಪತ್ರದ ಮಾತು ಯಾವ ಮೂಲೆಗೆ?

ಗುಮ್ಮಟದ_ದನಿ

ಅಣ್ಣಾರೆ, ನೀವು ಹೇಳಿದ 2024 ನನ್ನ ಮಾತಿಗೇ ಒತ್ತು ಕೊಡುತ್ತದೆ. ಲೋಕಸಭೆಯಲ್ಲಿ ಜನ ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ‘ದಿಲ್ಲಿಯಲ್ಲಿ ಯಾರು?’ ಅದಕ್ಕೆ ‘ಕರೆಂಟ್ ಬಿಲ್ ಸೊನ್ನೆ’ ಅನ್ನುವುದು ಉತ್ತರ ಆಗಲಿಲ್ಲ. ಅದೇ ಮತದಾರ, ಅದೇ ಊರು, ಒಂದೇ ವರ್ಷದ ಅಂತರ. ಹಳೆ ಮಾತನ್ನೇ ಹೊಸ ಚುನಾವಣೆಗೆ ತಂದರೆ ಹೀಗೆ ಆಗುತ್ತದೆ. ಜಿಲ್ಲಾ ಪಂಚಾಯಿತಿಗೆ ನಿಂತವರು ಆಲಮಟ್ಟಿ ಅಣೆಕಟ್ಟೆ ಎತ್ತರದ ಬಗ್ಗೆ ಭಾಷಣ ಬಿಗಿಯುವುದೂ ಇದೇ ಜಾತಿಯ ತಪ್ಪು. ಅವರ ಕೈಯಲ್ಲಿರುವುದು ಶಾಲೆ ಕೋಣೆ, ಕುಡಿಯುವ ನೀರು, ಅಂಗನವಾಡಿ, ಹಳ್ಳಿ ರಸ್ತೆ.

ದುಡ್ಡು, ಜಾತಿ ಇಲ್ಲ ಅಂತ ಯಾರೂ ಹೇಳಲ್ಲ. ಆದರೆ 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯ ಶ್ರೀರಾಮುಲು ಅವರನ್ನು ಸೋಲಿಸಿದ ಅಂತರ 1,696 ಮತ. ಇಡೀ ಕ್ಷೇತ್ರದ ಬೂತುಗಳಿಗೆ ಹಂಚಿದರೆ ಒಂದೊಂದಕ್ಕೆ ಕೆಲವೇ ಓಟು. ಜಾತಿ, ದುಡ್ಡು ಎರಡೂ ಕಡೆ ಸರಿಸಮ ನಿಂತಾಗ ಕಟ್ಟೆ ಮೇಲಿನ ಮಾತಿಗೂ ಬೆಲೆ ಬರುತ್ತದೆ.

ಕೃಷ್ಣಾ_ದಂಡೆ (ಚಿಕ್ಕಪಡಸಲಗಿ ಕಡೆ)

ಜಾತಿ, ದುಡ್ಡು ಅಂತ ಜಮಖಂಡಿಯವರೇ ಹೇಳುವುದು ನೋಡಿ ನಗು ಬಂತು. 1991 ಮರೆತಿರಾ ಅಣ್ಣಾ? ಬಾಗಲಕೋಟೆ ಲೋಕಸಭೆಗೆ ಬಂದು ನಿಂತವರು ರಾಮಕೃಷ್ಣ ಹೆಗಡೆ. ಮುಖ್ಯಮಂತ್ರಿ ಆಗಿದ್ದವರು, ದೇಶಕ್ಕೆಲ್ಲ ಗೊತ್ತಿದ್ದ ಹೆಸರು. ಎದುರಿಗೆ ಸಿದ್ದು ನ್ಯಾಮಗೌಡ. ಸಿದ್ದು ಅವರ ಬಗ್ಗೆ ಊರಿಗೆ ಗೊತ್ತಿದ್ದುದು ಒಂದೇ ವಿಷಯ. ಸರ್ಕಾರ ಕಟ್ಟಲಿಲ್ಲ, ಹಾಗಾಗಿ ರೈತರಿಂದ ವಂತಿಗೆ ಎತ್ತಿ, ರೈತರೇ ಕೈ ಹಚ್ಚಿ, 1989ರಲ್ಲಿ ಕೃಷ್ಣೆಗೆ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿ ನಿಲ್ಲಿಸಿದರು. ಶ್ರಮಬಿಂದು ಸಾಗರ. ಜನ ಅವರನ್ನು ಕರೆಯುತ್ತಿದ್ದುದೇ ‘ಬ್ಯಾರೇಜ್ ಸಿದ್ದು’ ಅಂತ.

ಹೆಗಡೆ ಸೋತರು. ಸಿದ್ದು ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು. ಆ ಎರಡೇ ಪದದಲ್ಲಿ ಏನಿತ್ತು, ಏನಿರಲಿಲ್ಲ, ನೀವೇ ನೋಡಿ.

ಖರೇ_ಮಾತು

ಮರೆತಿಲ್ಲ. ಆದರೆ ನೀವು ಕೊಟ್ಟ ಉದಾಹರಣೆ ನಿಮ್ಮನ್ನೇ ಹೊಡೆಯುತ್ತದೆ. ಸಿದ್ದು ಮೊದಲು ಬ್ಯಾರೇಜ್ ಕಟ್ಟಿದರು, ಆಮೇಲೆ ಚುನಾವಣೆಗೆ ನಿಂತರು. ಹೆಸರು ಜನ ಇಟ್ಟದ್ದು. ಪ್ರಚಾರ ಸಮಿತಿ ಕೂತು ಬರೆದದ್ದಲ್ಲ.

ನಿಡಗುಂದಿ ತಮ್ಮನಿಗೆ ನೇರ ಪ್ರಶ್ನೆ. ನಿಮ್ಮ ಘಟಕ ಈ ಐದು ವರ್ಷದಲ್ಲಿ ಏನು ಮಾಡಿದೆ? ಒಂದೇ ವಾಕ್ಯದಲ್ಲಿ ಹೇಳು. ಹೇಳಲು ಏನೂ ಇಲ್ಲದಿದ್ದರೆ ಮಾತು ಎಷ್ಟು ತಿದ್ದಿದರೂ ಅಷ್ಟೇ.

ಹಿನ್ನೀರು_ಹುಡುಗ

ಖಾರವಾಗಿದೆ ಅಣ್ಣಾ, ಆದರೆ ಕೇಳಬೇಕಾದ ಪ್ರಶ್ನೆಯೇ. ನಾವು ಅಧಿಕಾರದಲ್ಲಿ ಇರಲಿಲ್ಲ. ಬ್ಯಾರೇಜ್ ಅಂತೂ ಕಟ್ಟಿಲ್ಲ. ಮಾಡಿದ್ದು ಎಂದರೆ, ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರದ ಕಾಗದ ಹಿಡಿದು ಜನರ ಜೊತೆ ಕಚೇರಿಗೆ ಓಡಾಡಿದ್ದು. ನಮ್ಮ ಇಬ್ಬರು ಹುಡುಗರಿಗೆ ಸರ್ವೆ ನಂಬರ್, ಉತಾರ (ಪಹಣಿ), ವಾರಸಾ (ವಾರಸುದಾರಿಕೆ), ಐತೀರ್ಪು (ಪರಿಹಾರದ ಆದೇಶ) ಎಲ್ಲ ಬಾಯಿಪಾಠ. ಬಹಳ ಮಂದಿಗೆ ಉಪಯೋಗ ಆಗಿದೆ. ಆದರೆ ತಮಾಷೆ ನೋಡಿ, ಕರಪತ್ರದ 14 ಅಂಶದಲ್ಲಿ ಇದು ಇಲ್ಲವೇ ಇಲ್ಲ. ‘ಕೃಷ್ಣಾ ಮೇಲ್ದಂಡೆ ಯೋಜನೆ ಪೂರ್ಣಗೊಳಿಸಲು ಬದ್ಧ’ ಅಂತ ಒಂದು ಸಾಲಿದೆ ಅಷ್ಟೇ.

ಮುಳುಗಡೆ_ಮನೆ (ನವನಗರ, ಬಾಗಲಕೋಟೆ)

ಆ ಸಾಲನ್ನು ದಯವಿಟ್ಟು ತೆಗೆಯಿರಿ. ನಾನು ಮುಳುಗಡೆ ಕುಟುಂಬದವಳು. ‘ಯುಕೆಪಿ (ಕೃಷ್ಣಾ ಮೇಲ್ದಂಡೆ) ಪೂರ್ಣ’ ಅನ್ನುವ ಮಾತನ್ನು ಎಲ್ಲ ಪಕ್ಷಗಳ ಬಾಯಲ್ಲಿ ಕೇಳಿ ಕೇಳಿ ನಮ್ಮ ಕಿವಿಗೆ ಅದು ತಟ್ಟುವುದೇ ಇಲ್ಲ.

ಯಾಕೆ ತಟ್ಟುವುದಿಲ್ಲ ಎಂದು ಬಿಡಿಸಿ ಹೇಳುತ್ತೇನೆ, ನಿಮ್ಮ ಹುಡುಗರಿಗೂ ಬೇಕಾಗಬಹುದು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ನದಿ ನೀರಿನ ನ್ಯಾಯಾಧೀಕರಣ 2010ರಲ್ಲೇ ಒಪ್ಪಿತು. ಯೋಜನೆಯ ಮೂರನೇ ಹಂತಕ್ಕೆ 130 ಟಿಎಂಸಿ ನೀರು. ಅಲ್ಲಿಂದ ಇಲ್ಲಿವರೆಗೆ ಕೇಂದ್ರದ ಅಧಿಸೂಚನೆ, ಸುಪ್ರೀಂ ಕೋರ್ಟಿನ ವ್ಯಾಜ್ಯ, ಪಕ್ಕದ ರಾಜ್ಯಗಳ ತಕರಾರು ಎಳೆಯುತ್ತಾ ಬಂದಿವೆ. ಸಾಂಗ್ಲಿ, ಕೊಲ್ಹಾಪುರದಲ್ಲಿ ಮಹಾಪೂರ ಬರುತ್ತದೆ ಎಂಬುದು ಮಹಾರಾಷ್ಟ್ರದ ವಾದ. ಇದರಲ್ಲಿ ತಾಲ್ಲೂಕು ಘಟಕದ ಕೈಯಲ್ಲಿ ಏನಿದೆ? ಶಾಸಕರ ಕೈಯಲ್ಲಿ ಏನಿದೆ? ಕಾಕಾ ಹೇಳಿದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನಿಮ್ಮ ಹುಡುಗ ಉತ್ತರ ಕೊಡಲಾರ.

ಆದರೆ ಇದರ ಇನ್ನೊಂದು ಬದಿ ಇದೆ. ಮುಳುಗಡೆ ಆಗುವ 75,563 ಎಕರೆಗೆ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ದರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ದರ ಘೋಷಣೆ ಆದ ದಿನ ಊರಲ್ಲಿ ಪಟಾಕಿ ಹೊಡೆದರು. ಮರುದಿನದಿಂದ ಶುರುವಾದ ಪ್ರಶ್ನೆಗಳು ಬೇರೆ. ‘ನಂದು ನೀರಾವರಿ ಅಂತ ಬರದಾರೋ ಒಣ ಅಂತೋ?’ ‘ಬಾವಿ ಐತಿ, ಉತಾರದಾಗ ಇಲ್ಲ, ಏನ್ ಮಾಡ್ಲಿ?’ ‘ಅಣ್ತಮ್ಮರ ಹಿಸೆ ಆಗಿಲ್ಲ, ರೊಕ್ಕ ಯಾರಿಗ ಬರ್ತದ?’ ‘ಪುನರ್ವಸತಿ ಕೇಂದ್ರದಾಗ ನಿವೇಶನ ಕೊಟ್ಟಾರ, ಹಕ್ಕುಪತ್ರ ಎಲ್ಲಿ?’

ಎತ್ತರ ಯಾವಾಗ ಏರುತ್ತದೆ ಎಂದು ನಮ್ಮ ಓಣಿಯಲ್ಲಿ ಈಗ ಯಾರೂ ಕೇಳುತ್ತಿಲ್ಲ. ತನ್ನ ಕಾಗದ ಯಾವ ಟೇಬಲ್ ಮೇಲಿದೆ ಎಂದು ಕೇಳುತ್ತಿದ್ದಾರೆ. ನಿಮ್ಮ ಇಬ್ಬರು ಹುಡುಗರು ಮಾಡುತ್ತಿರುವ ಕೆಲಸ ಅದೇ. ಅದನ್ನು ಬಿಟ್ಟು 14 ಅಂಶ ಹುಡುಕಿದವರ ಬುದ್ಧಿಗೆ ಏನು ಹೇಳಲಿ?

ಇನ್ನೊಂದು ಎಚ್ಚರಿಕೆ. ‘40 ಲಕ್ಷ ಕೊಡಿಸುತ್ತೇವೆ’ ಅಂತ ಮಾತ್ರ ಬರೆಯಬೇಡಿ. ಕೊಡುವುದು ಸರ್ಕಾರ. ನೀವು ಕಾಗದ ಸರಿಮಾಡಿಸಲು ಜೊತೆಗೆ ಬರುವವರು. ಅಷ್ಟೇ ಹೇಳಿದರೆ ಜನ ನಂಬುತ್ತಾರೆ. ಅದಕ್ಕಿಂತ ಒಂದು ಗೇಣು ಮುಂದೆ ಹೋದರೂ ದಲ್ಲಾಳಿ ಅಂತಾರೆ.

ಬನಹಟ್ಟಿ_ಮಗ್ಗ

ಅಕ್ಕಾರೆ, ಕೊನೇ ಮಾತು ಬಂಗಾರ.

ಕಬ್ಬಿನ_ಗ್ಯಾಂಗ್ (ಮೂಡಲಗಿ)

ನಮ್ಮ ಕಡೆ ಉದಾಹರಣೆ ಕೊಡುತ್ತೇನೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಹೋರಾಟ ಆಯಿತಲ್ಲ, ಅಲ್ಲಿ ಎಷ್ಟು ಬೇಡಿಕೆ ಇತ್ತು? ತೂಕದ ಮೋಸ ಇತ್ತು, ಇಳುವರಿ (ಕಬ್ಬಿನಿಂದ ಬರುವ ಸಕ್ಕರೆಯ ಪ್ರಮಾಣ) ಲೆಕ್ಕ ಇತ್ತು, ಹಳೆ ಬಾಕಿ ಇತ್ತು, ಕಟಾವು ಖರ್ಚು ಇತ್ತು. ಆದರೆ ಹೊರಗೆ ಕೇಳಿದ್ದು ಒಂದೇ. ಟನ್ನಿಗೆ 3,500. ಶಾಲೆ ಹುಡುಗನಿಗೂ ಗೊತ್ತಿತ್ತು, ಬೆಂಗಳೂರಿನ ಟಿವಿಯವರಿಗೂ ಗೊತ್ತಿತ್ತು. ಕೊನೆಗೆ 3,300ಕ್ಕೆ ಬಂದು ನಿಂತಿತು, ಅದೂ ಇಳುವರಿ ಶೇ 11.25 ಇದ್ದರೆ. ಆ ‘ಇದ್ದರೆ’ ಬಗ್ಗೆ ಇವತ್ತಿಗೂ ಹೊಲದಲ್ಲಿ ಜಗಳ ಇದೆ, ಅದು ಬೇರೆ ಕಥೆ.

ಆಗ ಎಲ್ಲ ಪಕ್ಷದವರೂ ವೇದಿಕೆಗೆ ಬಂದರು. ಒಬ್ಬರು ‘ಎಫ್‌ಆರ್‌ಪಿ ಕೇಂದ್ರದ್ದು’ ಅಂದರು (ಅದು ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ), ಇನ್ನೊಬ್ಬರು ‘ರಾಜ್ಯ ಏನ್ ಮಾಡ್ತಾ ಇದೆ’ ಅಂದರು. ಆ ವರ್ಷದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355, ಅಂದರೆ ಟನ್ನಿಗೆ 3,550, ಅದು ಶೇ 10.25 ಇಳುವರಿಗೆ. ಅದರಲ್ಲಿ ಕಟಾವು, ಸಾಗಣೆ ಕಳೆದರೆ ಕೈಗೆ ಎಷ್ಟು ಎಂದು ಒಬ್ಬ ಪುಣ್ಯಾತ್ಮನೂ ಬಿಡಿಸಿ ಹೇಳಲಿಲ್ಲ. ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಹಂಚಿದ ಪಕ್ಷಕ್ಕೆ ನಾನು ಆವತ್ತೇ ಓಟು ಹಾಕುತ್ತಿದ್ದೆ.

ಇನ್ನೊಂದು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಹೊಸ ಭರವಸೆ ಯಾಕೆ ಬೇಕು? ‘ಇರುವ ಕಾನೂನಿನ ಪ್ರಕಾರ ಬಡ್ಡಿ ಲೆಕ್ಕ ಹಾಕಿ ಅರ್ಜಿ ಬರೆದುಕೊಡ್ತೀವಿ, ಸಂತೆ ದಿನ ಬರ್ರಿ’ ಅಂದರೆ ಸಾಲದೇ?

ಶಹಾಪುರ_ಗಲ್ಲಿ (ಬೆಳಗಾವಿ)

ನಮ್ಮ ನಗರದಲ್ಲಿ ಇನ್ನೊಂದು ತೊಡಕು. ಒಂದೇ ಬೂತಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇರುತ್ತವೆ. ಮೂರು ಭಾಷೆಯಲ್ಲಿ ಅಚ್ಚು ಹಾಕಿಸಿ, ತಪ್ಪಿಲ್ಲ. ಆದರೆ ಮೂರರಲ್ಲೂ ಒಂದೇ ಮಾತು ಇರಲಿ. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಇನ್ನೊಂದು ಹೇಳಿ ಸಿಕ್ಕಿಬಿದ್ದವರನ್ನು ಕಂಡಿದ್ದೇವೆ. ಮೊದಲಾದರೆ ಗಲ್ಲಿಯ ಮಾತು ಗಲ್ಲಿಯಲ್ಲೇ ಉಳಿಯುತ್ತಿತ್ತು. ಈಗ ಅರ್ಧ ಗಂಟೆಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಎರಡೂ ಪಕ್ಕ ಪಕ್ಕ ಬರುತ್ತವೆ.

ಮಹದಾಯಿ ನದಿ ನೀರಿನ ಜಗಳವೇ ಇದಕ್ಕೆ ಸಾಕ್ಷಿ. ನ್ಯಾಯಾಧೀಕರಣ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಆದರೆ ರಾಷ್ಟ್ರೀಯ ಪಕ್ಷಗಳ ಕರ್ನಾಟಕ ಘಟಕ ಒಂದು ಹೇಳುತ್ತದೆ, ಗೋವಾ ಘಟಕ ಅದಕ್ಕೆ ಉಲ್ಟಾ ಹೇಳುತ್ತದೆ. ಖಾನಾಪುರದಿಂದ ಗೋವಾಕ್ಕೆ ದಿನಾ ಓಡಾಡುವವರಿದ್ದಾರೆ. ಎರಡೂ ಕಡೆಯ ಭಾಷಣ ಕೇಳಿಸಿಕೊಂಡವರ ಮುಂದೆ ಆ ನೀರಿನ ಕಳಸಾ–ಬಂಡೂರಿ ಯೋಜನೆ ಅಂತ ಮುಷ್ಟಿ ಎತ್ತಿದರೆ ನಗುತ್ತಾರೆ ಅಷ್ಟೇ.

ನಮ್ಮ ಬೆಳಗಾವಿಗೆ ಇನ್ನೂ ಒಂದು ದಾಖಲೆ ಇದೆ, ವಿಷಯಕ್ಕೆ ಸ್ವಲ್ಪ ಹೊರಗೆ. 1996ರ ಲೋಕಸಭೆಯಲ್ಲಿ ಇಲ್ಲಿ 456 ಅಭ್ಯರ್ಥಿಗಳು ನಿಂತಿದ್ದರು! ಮತಪತ್ರದಲ್ಲಿ ನಮ್ಮ ಅಭ್ಯರ್ಥಿ ಎಲ್ಲಿದ್ದಾರೆ ಎಂದು ಹುಡುಕುವುದೇ ಒಂದು ಕೆಲಸ. ಆ ವರ್ಷ ‘ಇಷ್ಟನೇ ನಂಬರ್, ಈ ಚಿಹ್ನೆ’ ಅಂತ ಹೇಳಿಕೊಡುವುದೇ ಪ್ರಚಾರ ಆಗಿತ್ತಂತೆ, ನಮ್ಮ ಅಪ್ಪ ಹೇಳುತ್ತಿದ್ದರು. ಅದೇ ವರ್ಷ ಲೋಕಸಭೆಯ ಠೇವಣಿಯನ್ನು 500ರಿಂದ 10,000ಕ್ಕೆ ಏರಿಸಿದರು.

ತಾಂಡಾ_ಮಾಸ್ತರ (ಮುದ್ದೇಬಿಹಾಳ)

ಯಾರೂ ಹೇಳದ ಒಂದು ವಿಷಯ. ನೀವು ಮಾತು ತಿದ್ದುತ್ತಾ ಕೂತಿರುವಾಗ ಕೇಳುವವರು ಊರಲ್ಲಿ ಇದ್ದಾರೆಯೇ? ನಮ್ಮ ಕಡೆ ತಾಂಡಾಗಳಲ್ಲಿ ದೀಪಾವಳಿ ಮುಗಿಯುತ್ತಲೇ ಅರ್ಧ ಮನೆಗಳಿಗೆ ಬೀಗ. ಕಬ್ಬು ಕಡಿಯಲು ಮಹಾರಾಷ್ಟ್ರ, ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರು. ಮುದುಕರು, ಮಕ್ಕಳು ಉಳಿಯುತ್ತಾರೆ. ಯುಗಾದಿ ಹೊತ್ತಿಗೆ ಜನ ವಾಪಸ್ ಬರುತ್ತಾರೆ. ಡಿಸೆಂಬರ್‌ನಲ್ಲಿ ಹಂಚಿದ ಕರಪತ್ರ ಅವರಿಗೆ ಸಿಗುವುದೇ ಇಲ್ಲ.

ಅವರಿಗೆ ಮುಟ್ಟಬೇಕಾದರೆ ಧ್ವನಿ ಕಳಿಸಿ. ಒಂದು ನಿಮಿಷದ ಆಡಿಯೊ, ಲಂಬಾಣಿ ಭಾಷೆಯಲ್ಲಿ, ತಾಂಡಾದವರೇ ಮಾತಾಡಿದ್ದು. ಕಬ್ಬು ಕಡಿಯುವ ಗ್ಯಾಂಗಿನ ಮೊಬೈಲ್ ಗುಂಪಿಗೆ ಬಿದ್ದರೆ ರಾತ್ರಿ ಅಡುಗೆ ಮಾಡುವಾಗ ಎಲ್ಲರೂ ಕೇಳುತ್ತಾರೆ. ಮುಖಂಡರ ಭಾಷಣ ಕತ್ತರಿಸಿ ಹಾಕಬೇಡಿ, ಹಿನ್ನೆಲೆಯಲ್ಲಿ ಡೊಳ್ಳು ಬೇಡ.

ಏನು ಹೇಳಬೇಕು ಅಂತೀರಾ? ಅವರ ಪ್ರಶ್ನೆ ಸಣ್ಣದು. ‘ನಾವು ಊರಲ್ಲಿ ಇಲ್ಲದಾಗ ಮಗಳ ಹಾಸ್ಟೆಲ್ ಸೀಟು ಹೋಗಬಾರದು. ರೇಷನ್ ನಿಲ್ಲಬಾರದು. ಓಟರ್ ಲಿಸ್ಟಿನಲ್ಲಿ ಹೆಸರು ತೆಗೆಯಬಾರದು.’ ಇವು ಮೂರರಲ್ಲಿ ಕೊನೆಯದು ನಿಮಗೇ ಲಾಭ, ಅದನ್ನಾದರೂ ಮಾಡಿ.

ಅಕ್ಕನ_ಬಳಗ (ಸಿಂದಗಿ)

ನಾನು ಸ್ವಸಹಾಯ ಸಂಘದಲ್ಲಿ ಇದ್ದೇನೆ. ‘ಮಹಿಳಾ ಸಬಲೀಕರಣ’ ಅಂತ ಬರೆದ ಕರಪತ್ರ ಬಂದರೆ ನಮ್ಮಲ್ಲಿ ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ. ಖರೇನೇ ಹೇಳುತ್ತಿದ್ದೇನೆ.

ನಮ್ಮ ಹೆಣ್ಣುಮಕ್ಕಳು ಏನು ಮಾತಾಡುತ್ತಾರೆ ಗೊತ್ತೇ? 2023ರ ಜೂನ್‌ನಲ್ಲಿ ಬಸ್ ಉಚಿತ ಆಯಿತು, ಒಳ್ಳೇದಾಯಿತು. ಆದರೆ ಮುಂಜಾನೆ ಕಾಲೇಜಿಗೆ ಹೋಗುವ ಹೊತ್ತಿಗೆ ಬರುವ ಬಸ್ಸು ಒಂದೇ, ಅದೂ ತುಂಬಿ ಬಂದು ನಿಲ್ಲದೆ ಹೋಗುತ್ತದೆ. ಹುಡುಗಿಯರು ಮೊದಲ ಪಿರಿಯಡ್ ತಪ್ಪಿಸಿಕೊಳ್ಳುತ್ತಾರೆ. ಒಂದೆರಡು ವರ್ಷ ಹೀಗೇ ನಡೆದರೆ ಅಪ್ಪಂದಿರು ಓದು ಬಿಡಿಸಿ ಮದುವೆ ಮಾಡುತ್ತಾರೆ. ‘ಈ ದಾರಿಗೆ ಮುಂಜಾನೆ ಎಂಟಕ್ಕೆ ಇನ್ನೊಂದು ಬಸ್’ ಎಂದು ಒಬ್ಬ ಅಭ್ಯರ್ಥಿ ಹೇಳಲಿ. ದಾರಿಯ ಹೆಸರು ಹಾಕಲಿ. ನಾವೇ ಮನೆ ಮನೆಗೆ ಹೇಳುತ್ತೇವೆ.

ಗಂಡಸರು ಕೂತು ಬರೆದ 14 ಅಂಶದಲ್ಲಿ ಇದು ಬರುವುದಿಲ್ಲ. ಯಾಕೆಂದರೆ ಅವರಲ್ಲಿ ಯಾರೂ ಆ ಬಸ್ಸಿಗೆ ಕಾಯುವುದಿಲ್ಲ. ತಮ್ಮಾ, ನಿಮ್ಮ ಪ್ರಚಾರ ಸಮಿತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ?

ಹಿನ್ನೀರು_ಹುಡುಗ

ಅಕ್ಕಾರೆ, ಹೆಸರಿಗೆ ಇಬ್ಬರು ಇದ್ದಾರೆ. ಸಭೆಗೆ ಬರುವುದು ಅವರ ಗಂಡಂದಿರು.

ಅಕ್ಕನ_ಬಳಗ

ಗೊತ್ತಿತ್ತು.

ಸ್ಟೇಟಸ್_ರಾಜಾ (ಇಳಕಲ್)

ನನ್ನ ಪ್ರಕಾರ ನಮ್ಮ ಮಾತು ಬೇಕೇ ಇಲ್ಲ, ಎದುರಿನವರ ತಪ್ಪು ಎತ್ತಿ ತೋರಿಸಿದರೆ ಸಾಕು. 2022ರ ಸೆಪ್ಟೆಂಬರ್‌ನಲ್ಲಿ ‘ಪೇ ಸಿಎಂ’ ಪೋಸ್ಟರ್ ಬಂದಾಗ ನೋಡಿದಿರಲ್ಲ. ಒಂದು ಕ್ಯೂಆರ್ ಕೋಡ್, ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವರ ಮುಖ. ಭಾಷಣವೇ ಬೇಕಾಗಲಿಲ್ಲ.

ಚಹಾದಂಗಡಿ_ಕಾಕಾ

ರಾಜಾ, ಅದು ನಡೆಯಿತು, ಯಾಕೆಂದರೆ ಜನ ಆಗಲೇ ಕಮಿಷನ್ ಬಗ್ಗೆ ಮಾತಾಡುತ್ತಿದ್ದರು. ಗುತ್ತಿಗೆದಾರರೇ ಪತ್ರ ಬರೆದಿದ್ದರು. ಪೋಸ್ಟರ್ ಆ ಮಾತಿಗೆ ಒಂದು ಮುಖ ಕೊಟ್ಟಿತು. ಜನರ ಬಾಯಲ್ಲಿ ಇಲ್ಲದ ತಪ್ಪನ್ನು ನೀನು ರೀಲ್ಸ್ ಮಾಡಿ ಹಬ್ಬಿಸಿದರೆ ಹುಡುಗರು ನಗುತ್ತಾರೆ, ಹಿರಿಯರು ‘ಇವನಿಗೆ ಹೇಳಲು ಬೇರೆ ಏನೂ ಇಲ್ಲ’ ಅಂತಾರೆ. ಜೊತೆಗೆ ಹಳ್ಳಿಯಲ್ಲಿ ಎದುರು ಪಕ್ಷದವನು ನಿನ್ನ ಅತ್ತೆಯ ತವರಿನವನೇ ಆಗಿರುತ್ತಾನೆ. ನಾಳೆ ಮದುವೆಯಲ್ಲಿ ಎದುರಾಗುತ್ತಾನೆ.

ಆಡಳಿತದಲ್ಲಿರುವವರಿಗೆ ಇದರ ಉಲ್ಟಾ ರೋಗ. 2004ರಲ್ಲಿ ವಾಜಪೇಯಿ ಸರ್ಕಾರದ ‘ಭಾರತ ಹೊಳೆಯುತ್ತಿದೆ’ ಅಂತ ಪೇಪರ್ ತುಂಬ ಜಾಹೀರಾತು. ನಮ್ಮಲ್ಲಿ ಆಗ ಬರ. ದನಕ್ಕೆ ಮೇವಿಲ್ಲದವನಿಗೆ ಹೊಳಪು ತೋರಿಸಿದರೆ ಸಿಟ್ಟು ಬರದೆ ಇರುತ್ತದೆಯೇ?

ಕೋರ್ಟ್_ಕಟ್ಟೆ (ಬಾಗಲಕೋಟೆ)

ಕಾನೂನಿನ ಕಡೆಯಿಂದ ನಾಲ್ಕು ಮಾತು, ವಿಧಾನಸಭೆ ಚುನಾವಣೆಯ ಮಟ್ಟಿಗೆ. ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಜನಪ್ರತಿನಿಧಿ ಕಾಯ್ದೆಯ 127ಎ ಕಲಂ. ಅವಸರದಲ್ಲಿ ಮರೆಯುವುದು ಇದನ್ನೇ. ಟಿವಿ, ಸೋಷಿಯಲ್ ಮೀಡಿಯಾ ಜಾಹೀರಾತಿಗೆ ಮೊದಲೇ ಚುನಾವಣಾ ಆಯೋಗದ ಮಾಧ್ಯಮ ಸಮಿತಿಯ ಒಪ್ಪಿಗೆ ಬೇಕು. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಹಿರಂಗ ಪ್ರಚಾರ ಇಲ್ಲ. ಅಭ್ಯರ್ಥಿಯ ಖರ್ಚಿನ ಮಿತಿ 2022ರಲ್ಲಿ 40 ಲಕ್ಷ ಮಾಡಿದ್ದಾರೆ. ಜಾತಿ, ಧರ್ಮ, ಭಾಷೆ ಹೆಸರಲ್ಲಿ ಓಟು ಕೇಳಿದರೆ 123ನೇ ಕಲಂನಲ್ಲಿ ಭ್ರಷ್ಟ ಆಚರಣೆ, ಗೆದ್ದ ಮೇಲೂ ಸೀಟು ಹೋಗಬಹುದು.

ಕಾಕಾ ಹೇಳಿದ ‘ರೊಕ್ಕ ಎಲ್ಲಿಂದ’ ಪ್ರಶ್ನೆ ಕಟ್ಟೆಯದಷ್ಟೇ ಅಲ್ಲ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಚುನಾವಣಾ ಆಯೋಗವೂ ನೀತಿ ಸಂಹಿತೆಯಲ್ಲಿ ಅದನ್ನೇ ಸೇರಿಸಿದೆ. ಪ್ರಣಾಳಿಕೆಯ ಭರವಸೆಗೆ ಹಣ ಹೊಂದಿಸುವ ದಾರಿಯನ್ನು ಪಕ್ಷ ಹೇಳಬೇಕು.

ಹಿನ್ನೀರು_ಹುಡುಗ

ಎಲ್ಲರ ಮಾತು ಓದಿ ಹೊಸ ಕರಡು ಬರೆದಿದ್ದೇನೆ. ನಮ್ಮ ಹಿನ್ನೀರಿನ ಊರುಗಳಿಗೆ ಮಾತ್ರ. ಉಳಿದ ಕಡೆಗೆ ಬೇರೆ ಬರೆಯುತ್ತೇವೆ.

‘ಮುಳುಗಡೆ ಕಾಗದ ಎಲ್ಲಿ ನಿಂತಿದೆ? ನಾವು ಹುಡುಕಿ ಹೇಳುತ್ತೇವೆ. ಪ್ರತಿ ತಿಂಗಳ ಮೊದಲ ಸೋಮವಾರ ಪಂಚಾಯಿತಿ ಕಟ್ಟೆಯ ಮೇಲೆ ನಮ್ಮವರು ಕೂರುತ್ತಾರೆ. ಉತಾರ, ಆಧಾರ್, ನೋಟಿಸ್ ತನ್ನಿ. ಹಣ ಕೇಳುವುದಿಲ್ಲ. ಯಾರಾದರೂ ಕೇಳಿದರೆ ನಮಗೆ ತಿಳಿಸಿ. ಗೆದ್ದರೂ ಸೋತರೂ ಈ ಸೋಮವಾರ ನಿಲ್ಲುವುದಿಲ್ಲ.’

ಅಷ್ಟೇ. ಕೆಳಗೆ ಚಿಹ್ನೆ. ಮುಖಂಡರ ಫೋಟೊ ಒಂದೇ.

ಮುಳುಗಡೆ_ಮನೆ

ಚೆನ್ನಾಗಿದೆ. ‘ಹುಡುಕಿ ಹೇಳುತ್ತೇವೆ’ ಅನ್ನುವಲ್ಲೇ ನಿಂತಿದ್ದೀರಿ, ಕೊಡಿಸುತ್ತೇವೆ ಅಂದಿಲ್ಲ. ಆದರೆ ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ. ಮುಂದಿನ ತಿಂಗಳೇ ಕೂರಲು ಶುರು ಮಾಡಿ. ಕರಪತ್ರ ಆಮೇಲೆ ಬರಲಿ.

ಖರೇ_ಮಾತು

ಈಗ ಸ್ವಲ್ಪ ಬ್ಯಾರೇಜ್ ವಾಸನೆ ಬರುತ್ತಿದೆ. ‘ಗೆದ್ದರೂ ಸೋತರೂ’ ಅನ್ನುವ ಸಾಲು ಬಹಳ ದುಬಾರಿ ತಮ್ಮಾ, ನೋಡಿ ಬರಿ. ಸೋತ ಮೊದಲ ಸೋಮವಾರ ನಿಮ್ಮ ಹುಡುಗರು ಕಟ್ಟೆಗೆ ಬರದಿದ್ದರೆ ಮುಂದಿನ ಚುನಾವಣೆಗೆ ಊರೊಳಗೆ ಬರಬೇಡಿ.

ಚಹಾದಂಗಡಿ_ಕಾಕಾ

ಮೂರನೇ ಪ್ರಶ್ನೆಗೆ ಉತ್ತರ ಎಲ್ಲಿ? ‘ನಮ್ಮವರು’ ಅಂದರೆ ಯಾರು? ‘ನಮಗೆ ತಿಳಿಸಿ’ ಅಂದರೆ ಯಾರಿಗೆ? ಹೆಸರು, ಮೊಬೈಲ್ ನಂಬರ್ ಹಾಕು.

ಹಿನ್ನೀರು_ಹುಡುಗ

ಅಲ್ಲೇ ಸಿಕ್ಕಿಬಿದ್ದಿದೆ ಕಾಕಾ. ಅಧ್ಯಕ್ಷರು ತಮ್ಮ ನಂಬರ್ ಹಾಕಲು ಒಪ್ಪುತ್ತಿಲ್ಲ. ‘ಹಗಲೂ ರಾತ್ರಿ ಫೋನ್ ಬರ್ತಾವ’ ಅಂತಾರೆ. ಕಚೇರಿ ನಂಬರ್ ಹಾಕೋಣ ಅಂತಾರೆ. ಕಚೇರಿಯಲ್ಲಿ ಫೋನ್ ಎತ್ತುವವರೇ ಇಲ್ಲ.

ಕಬ್ಬಿನ_ಗ್ಯಾಂಗ್

ಫೋನ್ ಬರುತ್ತದೆ ಅಂತ ಹೆದರುವವರು ಓಟು ಬರುತ್ತದೆ ಅಂತ ಹೇಗೆ ಆಸೆ ಪಡುತ್ತಾರೆ?

ಚಹಾದಂಗಡಿ_ಕಾಕಾ

ಅಧ್ಯಕ್ಷರದ್ದು ಬೇಡ ಬಿಡು. ಕಾಗದ ಗೊತ್ತಿರುವ ಆ ಇಬ್ಬರು ಹುಡುಗರ ಹೆಸರು, ನಂಬರ್ ಹಾಕು. ಅವರ ಫೋನ್ ಖರ್ಚು, ಪೆಟ್ರೋಲ್ ಖರ್ಚು ಪಕ್ಷ ಕೊಡಲಿ. ಅದನ್ನು ಸಭೆಯಲ್ಲಿ ಬರೆಸಿಕೋ. ಪೋಸ್ಟರ್‌ಗೆ ಸುರಿಯುವ ದುಡ್ಡಿನಲ್ಲಿ ಅದು ಯಾವ ಲೆಕ್ಕ?

ಹಿನ್ನೀರು_ಹುಡುಗ

ಇದು ಆಗಬಹುದು. ಸಭೆಯಲ್ಲಿ ಇಡುತ್ತೇನೆ.

ಅಕ್ಕನ_ಬಳಗ

ಇಬ್ಬರೂ ಹುಡುಗರೇ ಆದರೆ ಸಾಲದು. ಒಬ್ಬ ಹೆಣ್ಣುಮಗಳ ನಂಬರೂ ಇರಲಿ, ಕಾಗದ ಓದಲು ಅವಳಿಗೂ ಕಲಿಸಿ. ನಿಮ್ಮ ಕಡೆಯೂ ವಿಧವೆಯರ ಹೆಸರಿನಲ್ಲಿ ಜಮೀನು ಇರುತ್ತದೆ, ವಾರಸಾ ತಕರಾರು ಇರುವುದೂ ಅವರದ್ದೇ ಜಾಸ್ತಿ. ಗೊತ್ತಿಲ್ಲದ ಗಂಡಸರ ನಂಬರಿಗೆ ಅವರು ಫೋನ್ ಮಾಡುವುದಿಲ್ಲ.